ನಡುವಿನ ಗೋಡೆ ಒಂದೋ, ಎರಡೋ?

ಪ್ರಶ್ನೆ: ಇಂಜಿನಿಯರ್ ಸಾಹೇಬರೇ, ನಾನು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಬಾಡಿಗೆಗಿರುವ ನಿವೃತ್ತ ಶಿಕ್ಷಕಿ. ನಾವಿಬ್ಬರೂ ಅರವತ್ತು ದಾಟಿದವರು, ಸ್ವಂತ ಮನೆ ನೋಡುತ್ತಿದ್ದೇವೆ. ಮೂರು ಮನೆಗಳು ಕಣ್ಣ ಮುಂದಿವೆ. ಮೊದಲನೆಯದು ನವನಗರದ ಕಡೆ, ಹದಿನಾಲ್ಕು ಮನೆಗಳ ಸಾಲಿನಲ್ಲಿ ಆರನೆಯದು. ನಿವೇಶನ 20×45 ಅಡಿ, ಉತ್ತರಕ್ಕೆ ಮುಖ. ಏಜೆಂಟರು ಇದನ್ನು ರೋ ಹೌಸ್ ಎನ್ನುತ್ತಾರೆ, ಅವರು ಕೊಟ್ಟ ಬಣ್ಣದ ಪುಸ್ತಿಕೆಯಲ್ಲಿ ಒಂದು ಪುಟದಲ್ಲಿ ಟೌನ್‌ಹೌಸ್ ಎಂದಿದೆ, ಇನ್ನೊಂದು ಪುಟದಲ್ಲಿ ಡ್ಯೂಪ್ಲೆಕ್ಸ್ ಎಂದಿದೆ. ಎರಡನೆಯದು ಗೋಕುಲ ರಸ್ತೆಯ ಕಡೆ, 40×50 ಅಡಿಯ ಒಂದೇ ನಿವೇಶನದಲ್ಲಿ ಮಗ್ಗುಲಿಗೆ ಮಗ್ಗುಲು ಕಟ್ಟಿದ ಎರಡು ಮನೆಗಳಲ್ಲಿ ಒಂದು. ಮೂರನೆಯದು ನಮ್ಮ ಮಾವನವರ ಕಾಲದ ಮಾಳಿಗೆ ಮನೆ, ಹಳೇ ಹುಬ್ಬಳ್ಳಿಯ ಓಣಿಯಲ್ಲಿದೆ. ಅದರ ಒಂದು ಅರ್ಧ ಭಾವನವರದು, ಇನ್ನೊಂದು ಅರ್ಧ ನಮ್ಮದು. ಲೀಡ್ಸ್‌ನಲ್ಲಿರುವ ಮಗಳು ‘ಟೆರೇಸ್ ಮನೆ ಕೊಂಡೆ’ ಎಂದಾಗ ಸ್ಲ್ಯಾಬ್ ಮನೆ ಎಂದುಕೊಂಡೆವು. ಫೋಟೊ ನೋಡಿದರೆ ಇಳಿಜಾರು ಮಾಡು! ಇವೆಲ್ಲ ಒಂದೇ ಜಾತಿಯ ಮನೆಗಳೋ, ಬೇರೆ ಬೇರೆಯೋ? ನಮಗೆ ಯಾವುದು ಸರಿ?

ಉತ್ತರ:

ಅಕ್ಕನವರೇ, ಮೊದಲು ಮಗಳ ಮನೆಯನ್ನು ಮುಗಿಸಿಬಿಡೋಣ. ಇಂಗ್ಲೆಂಡಿನಲ್ಲಿ ಮನೆಯ ಮಾತು ಬಂದಾಗ ಟೆರೇಸ್ ಎಂದರೆ ಸಾಲು. ಮುಂಗೋಡೆಗಳನ್ನೆಲ್ಲ ಒಂದೇ ಗೆರೆಗೆ ತಂದು, ಒಂದಕ್ಕೊಂದು ಅಂಟಿಸಿ ಕಟ್ಟಿದ ಮನೆಗಳಿಗೆ ಅಲ್ಲಿ ಆ ಹೆಸರು. ಆ ಶಬ್ದ ನಮ್ಮಲ್ಲಿಗೆ ಬಂದು ಮಾಳಿಗೆ ಹತ್ತಿ ಕುಳಿತಿತು. ಬಡವರ ಮನೆ ಎಂದೇನೂ ತಿಳಿಯಬೇಡಿ. ಬಾತ್ ಪಟ್ಟಣದಲ್ಲಿ 1767ರಲ್ಲಿ ಕಟ್ಟಲು ತೊಡಗಿದ ರಾಯಲ್ ಕ್ರೆಸೆಂಟ್ ಎಂಬ ಅರ್ಧಚಂದ್ರಾಕಾರದ ಸಾಲಿನಲ್ಲಿ ಮೂವತ್ತು ಮನೆಗಳಿವೆ, ಸಿರಿವಂತರಿಗಾಗಿಯೇ ಕಟ್ಟಿದವು. ಆದರೆ ಲೀಡ್ಸ್‌ನಲ್ಲಿ ಕಾರ್ಮಿಕರಿಗೆಂದು ಎಡ, ಬಲ, ಹಿಂದೆ ಮೂರೂ ಕಡೆ ಅಂಟಿಕೊಂಡ ಸಾಲುಗಳನ್ನು ಕಟ್ಟಿದ್ದರು. ಬೆನ್ನಿಗೆ ಬೆನ್ನು ಹಚ್ಚಿದ ಮನೆಗಳು, ಗಾಳಿ ಬೆಳಕು ಬರುವುದು ಮುಂಗೋಡೆಯಿಂದಷ್ಟೇ. ಅಂಥವುಗಳಲ್ಲಿ ಈಗಲೂ ಜನ ವಾಸವಾಗಿದ್ದಾರೆ. ಆದ್ದರಿಂದ ಮಗಳನ್ನು ‘ಹಿತ್ತಲ ಬಾಗಿಲು ಇದೆಯೇನವ್ವ?’ ಎಂದು ಒಮ್ಮೆ ಕೇಳಿ. ಇದೆ ಎಂದರೆ ಚಿಂತೆಯಿಲ್ಲ.

ಡ್ಯೂಪ್ಲೆಕ್ಸ್‌ನ ಕಥೆ ಇನ್ನೂ ತಮಾಷೆಯದು. ಅಮೆರಿಕದಲ್ಲಿ ಡ್ಯೂಪ್ಲೆಕ್ಸ್ ಎಂದರೆ ಸಾಮಾನ್ಯವಾಗಿ ಒಂದೇ ಕಟ್ಟಡದಲ್ಲಿ ಎರಡು ಸಂಸಾರಗಳ ಎರಡು ಮನೆ. ನಮ್ಮಲ್ಲಿ ಒಂದೇ ಸಂಸಾರದ ಎರಡು ಅಂತಸ್ತಿನ ಮನೆ, ಒಳಗೆ ಮೆಟ್ಟಿಲು. ಅರ್ಥ ಪೂರ್ತಿ ಮಗುಚಿ ಬಿದ್ದಿದೆ. ಟೌನ್‌ಹೌಸ್ ಎಂದರೆ ಹಿಂದೆ ಇಂಗ್ಲೆಂಡಿನಲ್ಲಿ ಹಳ್ಳಿಯಲ್ಲಿ ಜಹಗೀರು ಇದ್ದ ದೊಡ್ಡವರು ರಾಜಧಾನಿಯಲ್ಲಿ ಇಟ್ಟುಕೊಳ್ಳುತ್ತಿದ್ದ ಮನೆ. ಈಗಿನ ಅಮೆರಿಕದಲ್ಲಿ ಎರಡು ಮೂರು ಅಂತಸ್ತಿನ, ಮಗ್ಗುಲು ಅಂಟಿದ, ಬಹಳಷ್ಟು ಕಡೆ ಒಂದು ಸಂಘಕ್ಕೆ ತಿಂಗಳ ವಂತಿಗೆ ಕಟ್ಟಬೇಕಾದ ಮನೆ. ಫಿಲಡೆಲ್ಫಿಯಾ, ಬಾಲ್ಟಿಮೋರ್ ನಗರಗಳ ಒಂದೇ ಅಚ್ಚಿನ ಉದ್ದ ಸಾಲುಗಳಿಗೆ ರೋ ಹೌಸ್ ಎನ್ನುತ್ತಾರೆ. ನ್ಯೂಯಾರ್ಕಿನವರು ಮುಂಗೋಡೆಗೆ ಕಂದು ಮರಳುಗಲ್ಲು ಹೊದಿಸಿ ಬ್ರೌನ್‌ಸ್ಟೋನ್ ಎಂದು ಕರೆದರು. ಕಲ್ಲಿನ ಹಿಂದೆ ಇರುವುದು ಇಟ್ಟಿಗೆಯೇ. ನಿಮ್ಮ ಪುಸ್ತಿಕೆ ಬರೆದವರಿಗೆ ಇಷ್ಟೆಲ್ಲ ಬೇಕಿರಲಿಲ್ಲ. ಯಾವ ಹೆಸರಿಗೆ ಚದರ ಅಡಿಗೆ ಹೆಚ್ಚು ದರ ಹೇಳಬಹುದೋ ಆ ಹೆಸರು ಬೇಕಿತ್ತು, ಹಾಕಿದ್ದಾರೆ.

ಹೀಗಾಗಿ ಅಂಟಿಕೊಂಡ ಮನೆ ನೋಡಲು ಯಾರಾದರೂ ಕರೆದರೆ ನಾನು ಹೆಸರು ವಿಚಾರಿಸುವುದಿಲ್ಲ. ಕಾಲ ಕೆಳಗಿನ ನೆಲ ಯಾರ ಹೆಸರಿನಲ್ಲಿದೆ? ನಡುವಿನ ಗೋಡೆ ಒಂದೋ, ಎರಡೋ? ತಲೆಯ ಮೇಲಿನ ಸ್ಲ್ಯಾಬ್ ಎಲ್ಲಿ ತುಂಡಾಗುತ್ತದೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಮನೆಯ ಜಾತಿ ತಾನಾಗಿಯೇ ತಿಳಿಯುತ್ತದೆ.

ಸಾಲುಮನೆ ನಮಗೆ ಹೊಸದೂ ಅಲ್ಲ. ಹಿರೇಪೇಟೆ, ಘಂಟಿಕೇರಿ, ಮೇದಾರ ಓಣಿ, ಧಾರವಾಡದ ಹೊಸಯಲ್ಲಾಪುರ, ಕಾಮನಕಟ್ಟಿ ಎಲ್ಲೇ ಹೋದರೂ ಹಳೆಯ ಮನೆಗಳು ಭುಜಕ್ಕೆ ಭುಜ ಹಚ್ಚಿ ನಿಂತಿವೆ. ಮುಂದೆ ಕಟ್ಟೆ, ಒಳಗೆ ಪಡಸಾಲೆ, ನಡುಮನೆ, ಅಡುಗೆಮನೆ, ಬಚ್ಚಲು, ಕೊನೆಗೆ ಹಿತ್ತಲು. ರೈಲು ಬೋಗಿಯಂತೆ ಒಂದರ ಹಿಂದೆ ಒಂದು. ಮಗ್ಗುಲಲ್ಲಿ ಕಿಟಕಿಯಿಲ್ಲ, ಆದ್ದರಿಂದ ಬೆಳಕು ಮೇಲಿನ ಬೆಳಕಿಂಡಿಯಿಂದ ಬರಬೇಕು. ಬೇಸಿಗೆಯಲ್ಲಿ ಹೆಂಗಸರು ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ದಾಟಿಕೊಂಡು ಹೋಗಿ ಹಪ್ಪಳ ಸಂಡಿಗೆ ಒಣಗಿಸುತ್ತಿದ್ದರು. ಬೆಟಗೇರಿಯ ನೇಕಾರರ ಸಾಲುಮನೆಗಳಲ್ಲಿ ಕುಣಿ ಮಗ್ಗ ಎಲ್ಲಿದೆ ಎಂದು ನೋಡಿದರೆ ಬೆಳಕು ಎಲ್ಲಿಂದ ಬರುತ್ತದೆ ಎಂಬುದು ತಿಳಿಯುತ್ತದೆ. ನೂಲಿನ ಎಳೆ ಕಾಣದಿದ್ದರೆ ಹೊಟ್ಟೆ ತುಂಬದು, ಹಾಗಾಗಿ ಮನೆಯ ಅತ್ಯುತ್ತಮ ಬೆಳಕು ಮಗ್ಗಕ್ಕೇ ಮೀಸಲು. ಹುಬ್ಬಳ್ಳಿಯಲ್ಲಿ 1885ರಲ್ಲಿ ರೈಲ್ವೆ ವರ್ಕ್‌ಶಾಪ್ ಶುರುವಾದ ಮೇಲೆ ಇನ್ನೊಂದು ಬಗೆಯ ಸಾಲು ಬಂತು, ರೈಲ್ವೆ ಕ್ವಾರ್ಟರ್ಸ್. ಮಂಗಳೂರು ಹೆಂಚು ಹೊದ್ದ, ಒಂದೇ ಅಳತೆಯ ಮನೆಗಳು. ಗಿರಣಿಗಳ ಸುತ್ತ ಚಾಳಗಳು ಎದ್ದವು.

ಚಾಳವೂ ಸಾಲೇ, ಓಣಿ ಮನೆಯೂ ಸಾಲೇ, ರೋ ಹೌಸೂ ಸಾಲೇ. ಆದರೆ ಚಾಳದಲ್ಲಿ ಇಡೀ ಸಾಲಿಗೆ ಒಬ್ಬನೇ ಮಾಲೀಕ, ಒಳಗಿರುವವರೆಲ್ಲ ಬಾಡಿಗೆಯವರು, ಪಡಸಾಲೆ ಮತ್ತು ಶೌಚಾಲಯ ಎಲ್ಲರಿಗೂ ಸೇರಿದ್ದು. ಗೋಡೆ ಬಿರುಕು ಬಿಟ್ಟರೆ ಮಾಲೀಕನ ಮನೆಗೆ ಹೋದರಾಯಿತು. ಓಣಿ ಮನೆಯಲ್ಲಿ ಪ್ರತಿ ಮನೆಗೂ ಬೇರೆ ಬೇರೆ ಮಾಲೀಕ, ಒಬ್ಬೊಬ್ಬರು ಒಂದೊಂದು ಕಾಲದಲ್ಲಿ ಕಟ್ಟಿದ್ದು. ರೋ ಹೌಸನ್ನು ಒಬ್ಬನೇ ಒಂದೇ ಸಲಕ್ಕೆ ಕಟ್ಟಿ ಹದಿನಾಲ್ಕು ಜನರಿಗೆ ಮಾರಿ ಹೊರಟುಹೋಗುತ್ತಾನೆ. ಬಿರುಕು ಬಂದಾಗ ನೀವು ಹದಿನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಬೇಕು.

ನೆಲದ ವಿಷಯದಲ್ಲಿ ಕಣ್ಣಿಗೆ ಏನೂ ಕಾಣದು, ಕಾಗದವೇ ಹೇಳಬೇಕು. ಎರಡು ಬಗೆಯ ಮಾರಾಟ ನಡೆಯುತ್ತದೆ. ಒಂದರಲ್ಲಿ 20×45ರ ನಿವೇಶನಕ್ಕೇ ಪ್ರತ್ಯೇಕ ಸಂಖ್ಯೆ, ಪ್ರತ್ಯೇಕ ಖಾತೆ, ಪ್ರತ್ಯೇಕ ಚಕ್ಕುಬಂದಿ ಇರುತ್ತದೆ. ಅದು ನಿಮ್ಮದೇ ನೆಲ. ಇನ್ನೊಂದರಲ್ಲಿ ಇಡೀ ಜಾಗ ಒಂದೇ, ಅದರಲ್ಲಿ ನಿಮಗೆ ಹದಿನಾಲ್ಕರಲ್ಲಿ ಒಂದು ಪಾಲಿನಷ್ಟು ಅವಿಭಾಜ್ಯ ಹಕ್ಕು. ಹೊರಗಿನಿಂದ ರೋ ಹೌಸ್, ಕಾಗದದಲ್ಲಿ ಮಲಗಿಸಿದ ಅಪಾರ್ಟ್‌ಮೆಂಟ್. ಮುಂದೆ ಮೇಲೊಂದು ಕೋಣೆ ಕಟ್ಟಬೇಕೆಂದರೂ, ಮನೆ ಕೆಡವಿ ಕಟ್ಟಬೇಕೆಂದರೂ ಉಳಿದವರ ಒಪ್ಪಿಗೆಗೆ ಕಾಯಬೇಕು. ಇದು ಮೋಸವೇನಲ್ಲ, ಆದರೆ ಬೆಲೆ ಬೇರೆ ಇರಬೇಕು. ಖರೀದಿ ಪತ್ರದ ಕರಡಿನಲ್ಲಿ ಷೆಡ್ಯೂಲ್ ಎಂಬ ಕೊನೆಯ ಭಾಗವನ್ನು ಮೊದಲು ಓದಿ. ನಾಲ್ಕು ದಿಕ್ಕಿನ ಗಡಿ ನಿಮ್ಮ ಮನೆಯದೋ, ಇಡೀ ಬಡಾವಣೆಯದೋ ಎಂಬುದು ಅಲ್ಲಿದೆ.

ಇನ್ನು ಗೋಡೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಏಕೆಂದರೆ ನನ್ನ ಬಳಿ ಬರುವ ಜಗಳಗಳಲ್ಲಿ ಮುಕ್ಕಾಲು ಪಾಲು ಇಲ್ಲಿಯವೇ.

ಎರಡು ಮನೆಗಳ ನಡುವೆ ಒಂದೇ ಗೋಡೆ ಇದ್ದರೆ ಅದು ಸಾಮಾಯಿಕ ಗೋಡೆ. ನಮ್ಮ ಭಾಗದ ಹಳೆಯ ಪತ್ರಗಳಲ್ಲಿ ‘ಪಶ್ಚಿಮಕ್ಕೆ ಸಾಮಾಯಿಕ ಗೋಡೆ’ ಎಂದು ಬರೆದಿರುತ್ತದೆ. ಆ ನಾಲ್ಕಕ್ಷರ ಇಲ್ಲದ ಪತ್ರ ಎಷ್ಟು ತಲೆನೋವು ಕೊಡುತ್ತದೆ ಎಂಬುದು ಹುಬ್ಬಳ್ಳಿಯ ವಕೀಲರಿಗೆ ಗೊತ್ತು. ಈ ಗೋಡೆ ಒಂಬತ್ತು ಇಂಚಿನ ಇಟ್ಟಿಗೆಯದೋ, ಎಂಟು ಇಂಚಿನ ಗಟ್ಟಿ ಬ್ಲಾಕಿನದೋ ಆಗಿದ್ದರೆ ಸಂಸಾರದ ಮಾತು ಸಂಸಾರದಲ್ಲೇ ಉಳಿಯುತ್ತದೆ. ಸದ್ದನ್ನು ತಡೆಯುವುದು ಗೋಡೆಯ ತೂಕ. ಬಣ್ಣ, ಪುಟ್ಟಿ, ವಾಲ್‌ಪೇಪರ್‌ಗಳಿಂದ ಏನೂ ಆಗದು. ನಾಲ್ಕೂವರೆ ಇಂಚಿನ ಗೋಡೆ ಒಂದೇ ಮನೆಯ ಎರಡು ಕೋಣೆಗಳ ನಡುವೆ ಸರಿ, ಎರಡು ಮನೆಗಳ ನಡುವೆ ಸರಿಯಲ್ಲ. ನಗರದ ಅಂಚಿನ ಒಂದು ಸಾಲಿನಲ್ಲಿ ಹೊಸದಾಗಿ ಬಂದವರು ಟಿವಿ ತೂಗುಹಾಕಲು ಗೋಡೆಗೆ ಡ್ರಿಲ್ ಹಿಡಿದರು. ಮೊಳೆಯ ತೂತು ಪಕ್ಕದ ಮನೆಯ ದೇವರ ಜಗಲಿಯ ಮೇಲೆ, ಗಣಪತಿಯ ಕಿರೀಟಕ್ಕೆ ನಾಲ್ಕು ಬೆರಳು ಅಂತರದಲ್ಲಿ ಹೊರಬಿತ್ತು. ಎರಡೂ ಮನೆಯವರು ಸೇರಿ ನನ್ನನ್ನು ಕರೆಸಿದರು. ಗೋಡೆ ಅಳೆದರೆ ಪ್ಲಾಸ್ಟರ್ ಸೇರಿ ಐದೂವರೆ ಇಂಚು. ಮಾರಾಟದ ನಕ್ಷೆಯಲ್ಲಿ ಒಂಬತ್ತು ಎಂದಿತ್ತು.

ಗೋಡೆ ದಪ್ಪವಾಗಿದ್ದರೂ ಕೆಡಿಸುವ ಇನ್ನೊಂದು ಕೆಲಸವಿದೆ. ಎರಡೂ ಮನೆಯ ಸ್ವಿಚ್ ಪೆಟ್ಟಿಗೆಗಳನ್ನು ಗೋಡೆಯ ಎರಡು ಬದಿಯಲ್ಲಿ ಒಂದೇ ಜಾಗದಲ್ಲಿ ಕೊರೆಯುತ್ತಾರೆ. ಎರಡೂ ಮನೆ ಒಂದೇ ಅಚ್ಚಿನವು, ಒಂದು ಇನ್ನೊಂದರ ಕನ್ನಡಿ ಬಿಂಬ, ಆದ್ದರಿಂದ ಪೆಟ್ಟಿಗೆಗಳೂ ಬೆನ್ನಿಗೆ ಬೆನ್ನು. ಅಲ್ಲಿ ಉಳಿಯುವ ಗೋಡೆ ಹಪ್ಪಳದಷ್ಟು. ಪಕ್ಕದ ಮನೆಯ ಮಿಕ್ಸರ್ ಸದ್ದು ನಿಮ್ಮ ಹಾಸಿಗೆಯ ತಲೆದಿಸೆಯಲ್ಲಿ ಕೇಳುವುದು ಆ ರಂಧ್ರದಿಂದ. ಗೌಂಡಿಗೆ ಒಂದು ಅಡಿ ಸರಿಸಿ ಕೊರೆಯಲು ಹೇಳಿದ್ದರೆ ಸಾಕಿತ್ತು. ಬಚ್ಚಲಿನ ಪೈಪುಗಳನ್ನು ಸಾಮಾಯಿಕ ಗೋಡೆಯೊಳಗೆ ಹುಗಿದಿದ್ದರೆ ಆ ಮನೆಯನ್ನು ಬಿಟ್ಟುಬಿಡಿ. ಸೋರಿಕೆ ಯಾರ ಪೈಪಿನದು ಎಂದು ಪತ್ತೆಯಾಗುವಷ್ಟರಲ್ಲಿ ಎರಡು ಮಳೆಗಾಲ ಕಳೆಯುತ್ತವೆ.

ನನಗೆ ಹಿಡಿಸುವುದು ಎರಡು ಗೋಡೆಯ ಪದ್ಧತಿ. ಪ್ರತಿ ಮನೆಗೂ ತನ್ನದೇ ಕಂಬ, ತೊಲೆ, ಆರು ಇಂಚಿನ ತನ್ನದೇ ಗೋಡೆ. ನಡುವೆ ಒಂದೆರಡು ಇಂಚು ಸಂದು, ಮೇಲೆ ಆ ಸಂದಿಗೆ ತಗಡಿನ ಮುಚ್ಚಳ. ಮುಚ್ಚಳ ಸರಿಯಿಲ್ಲದಿದ್ದರೆ ನೀರು ಇಳಿಯುತ್ತದೆ, ಇಲಿ ಸೇರುತ್ತದೆ ಎಂಬುದು ನಿಜ. ಆದರೂ ಸದ್ದು ದಾಟುವುದಿಲ್ಲ, ಪಕ್ಕದವರು ಮನೆ ಕೆಡವಿದರೂ ನಿಮ್ಮ ಮನೆ ನಿಲ್ಲುತ್ತದೆ. ಬಿಲ್ಡರುಗಳಿಗೆ ಇದು ಬೇಡ. ಪ್ರತಿ ಮನೆಯಲ್ಲೂ ಗೋಡೆಗೆ ಹೋಗುವ ಅರ್ಧ ಅಡಿ ಮಾರಲಿಕ್ಕೆ ಸಿಗುವುದಿಲ್ಲವಲ್ಲ.

ನಿಮ್ಮ ಸಾಲಿನ ಲೆಕ್ಕ ಹಾಕೋಣ. ಹದಿನಾಲ್ಕು ಮನೆ, ತಲಾ 20 ಅಡಿ, ಒಟ್ಟು 280 ಅಡಿ. ಅಂದರೆ ಸುಮಾರು 85 ಮೀಟರ್. ಕಾಂಕ್ರೀಟ್ ಕಟ್ಟಡಗಳಿಗೆ ನಾವು ಅನುಸರಿಸುವ ಐ.ಎಸ್. 456 ಸಂಹಿತೆಯ ಪ್ರಕಾರ 45 ಮೀಟರಿಗಿಂತ ಉದ್ದದ ಕಟ್ಟಡಕ್ಕೆ ಎಕ್ಸ್‌ಪ್ಯಾನ್ಷನ್ ಜಾಯಿಂಟ್, ಅಂದರೆ ಹಿಗ್ಗಲು ಬಿಟ್ಟ ಸಂದು ಬೇಕು. ಬಿಸಿಲಿಗೆ ಕಾಂಕ್ರೀಟ್ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ, ಜಾಗ ಕೊಡದಿದ್ದರೆ ತಾನೇ ಎಲ್ಲಾದರೂ ಬಿರಿದು ಜಾಗ ಮಾಡಿಕೊಳ್ಳುತ್ತದೆ. ಸಾಲಿನ ನಟ್ಟನಡುವೆ, ಏಳನೆಯ ಮತ್ತು ಎಂಟನೆಯ ಮನೆಗಳ ನಡುವೆಯಾದರೂ ಕಟ್ಟಡ ಪಾಯದ ಮೇಲಿನಿಂದ ಮಾಳಿಗೆಯವರೆಗೆ ಎರಡಾಗಿರಬೇಕು. ಮಾಳಿಗೆ ಹತ್ತಿ ನೋಡಿ, ಪ್ಯಾರಾಪೆಟ್‌ನಲ್ಲಿ ಮೇಲಿನಿಂದ ಕೆಳಗೆ ನೇರವಾದ ಸಂದು ಕಾಣಬೇಕು. ಕಾಣದಿದ್ದರೆ ಬಿಲ್ಡರನ್ನು ಕೇಳಿ. ‘ಅದೆಲ್ಲ ಬೇಕಾಗಿಲ್ಲ ಮೇಡಂ’ ಎಂದರೆ ನೀವು ಅಲ್ಲಿಂದ ಹೊರಡಬಹುದು.

ನೆಲದ ಒಳಗೂ ನೋಡಬೇಕು. ಹುಬ್ಬಳ್ಳಿಯಿಂದ ಗದಗ, ನವಲಗುಂದದ ಕಡೆ ಎರೆ ಮಣ್ಣು, ಧಾರವಾಡದ ಕಡೆ ಕೆಂಪು ಮಸಾರಿ. ನವನಗರದ ಸುತ್ತ ಯಾವುದು ಸಿಗುತ್ತದೆ ಎಂಬುದು ಪಾಯ ತೋಡಿದಾಗಲೇ ತಿಳಿಯುವುದು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಬಿಡಿಮನೆಯೂ ಬಿರುಕು ಬಿಡಬಹುದು, ಆದರೆ ಅಲ್ಲಿ ಸೋರುವ ಸಂಪು ನಿಮ್ಮದೇ. ಸಾಲುಮನೆಯಲ್ಲಿ ಹಾಗಲ್ಲ. ಐದನೆಯ ಮನೆಯ ಸಂಪು ಸೋರಿದರೆ ಅಲ್ಲಿನ ಮಣ್ಣು ಮಾತ್ರ ಉಬ್ಬಿ, ಆರನೆಯ ಮನೆಯ ಗೋಡೆಯಲ್ಲಿ ಓರೆ ಬಿರುಕು ಬರುತ್ತದೆ. ನೀರು ಯಾರದೋ, ಬಿರುಕು ಯಾರದೋ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗಾಗಿಯೇ ಕೆಳತುದಿ ಅಗಲಿಸಿದ ಪೈಲ್ (ನೆಲದೊಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಪಾಯವನ್ನು ರೂಪಿಸಿತು. ಎರೆ ಆಳವಾಗಿರುವಲ್ಲಿ ಅದು ಕನಿಷ್ಠ ಮೂರೂವರೆ ಮೀಟರ್ ಇಳಿಯಬೇಕು, ತೇವ ಏರಿಳಿಯದ ಪದರದವರೆಗೆ. ನಿಮ್ಮ ಸಾಲಿಗೆ ಯಾವ ಪಾಯ ಹಾಕಿದ್ದಾರೆ, ಎಷ್ಟು ಅಂತಸ್ತಿಗೆ ಲೆಕ್ಕ ಹಿಡಿದಿದ್ದಾರೆ ಎಂಬ ಎರಡು ಉತ್ತರಗಳನ್ನು ಬರಹದಲ್ಲಿ ತೆಗೆದುಕೊಳ್ಳಿ. ಕಂಬ ಸಾಮಾಯಿಕವಾಗಿದ್ದರೆ ಪಕ್ಕದವರು ಮೂರನೆಯ ಅಂತಸ್ತು ಏರಿಸಿದಾಗ ಅದರ ಅರ್ಧ ಭಾರ ಹೊರುವುದು ನಿಮ್ಮ ಕೋಣೆಯ ಮೂಲೆಯ ಕಂಬವೇ.

ಬೆಳಕಿಗೆ ಒಂದು ಒರಟು ಲೆಕ್ಕವಿದೆ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಷ್ಟು ದೂರಕ್ಕೆ ಓದಲು ಬರುವಷ್ಟು ಬೆಳಕು ಹೋಗುತ್ತದೆ. ಏಳು ಅಡಿಗೆ ಹದಿನಾಲ್ಕು. ನಿಮ್ಮ ಮನೆಯ ಉದ್ದ ಮುಂದಿನ ಹಿಂದಿನ ಖಾಲಿ ಜಾಗ ಬಿಟ್ಟು 36 ಅಡಿ ಎಂದಿಟ್ಟುಕೊಂಡರೆ, ಮುಂದಿನಿಂದ ಹದಿನಾಲ್ಕು, ಹಿಂದಿನಿಂದ ಹದಿನಾಲ್ಕು, ನಡುವಿನ ಎಂಟು ಅಡಿ ಕತ್ತಲು. ಒಳ್ಳೆಯ ವಿನ್ಯಾಸಗಾರ ಅಲ್ಲಿ ಮೆಟ್ಟಿಲು ಇಟ್ಟು ಮೇಲೆ ಬೆಳಕಿಂಡಿ ತೆರೆಯುತ್ತಾನೆ. ಬಿಸಿ ಗಾಳಿ ಮೇಲೆ ಹೋಗಲೂ ಅದೇ ದಾರಿ. ಕೆಟ್ಟವನು ಅಲ್ಲಿ ದೇವರ ಮನೆ ಇಟ್ಟು ಹಗಲೂ ಬಲ್ಬು ಉರಿಸುತ್ತಾನೆ. ನೀವು ಮನೆ ನೋಡಲು ಮಧ್ಯಾಹ್ನ ಹೋಗಿ, ಎಲ್ಲ ದೀಪ ಆರಿಸಲು ಹೇಳಿ, ನಡುವಿನಲ್ಲಿ ನಿಂತು ದಿನಪತ್ರಿಕೆ ಓದಿ ನೋಡಿ.

ಸಾಲಿನ ನಡುವಿನ ಮನೆಗೆ ಒಂದು ಪುಣ್ಯವೂ ಇದೆ. ಉತ್ತರಕ್ಕೆ ಮುಖ ಎಂದಿದ್ದೀರಿ, ಹಾಗಾದರೆ ಸಾಲು ಪೂರ್ವದಿಂದ ಪಶ್ಚಿಮಕ್ಕೆ ಹಬ್ಬಿದೆ. ಬೆಳಗಿನ, ಸಂಜೆಯ ಓರೆ ಬಿಸಿಲು ಬೀಳುವ ಎರಡು ಗೋಡೆಗಳನ್ನು ನೆರೆಮನೆಗಳೇ ಮುಚ್ಚಿವೆ. ಏಪ್ರಿಲ್‌ನಲ್ಲಿ ಅಂಥ ಮನೆ ಬಿಡಿಮನೆಗಿಂತ ತಂಪು. ಪಶ್ಚಿಮ ತುದಿಯ ಮನೆಗೆ ಮಾತ್ರ ಎರಡು ಶಿಕ್ಷೆ. ಬೇಸಿಗೆಯ ಸಂಜೆ ಬಿಸಿಲು ಆ ಗೋಡೆಗೆ, ಆಷಾಢದ ಗಾಳಿಮಳೆಯ ಏಟೂ ಅದೇ ಗೋಡೆಗೆ. ಪೂರ್ವ ತುದಿಯ ಮನೆಗೆ ಒಂದು ಕಡೆ ಕಿಟಕಿ, ಒಂದೇ ನೆರೆ, ಹಿತವಾದ ಬೆಳಗಿನ ಬಿಸಿಲು. ತುದಿಮನೆಗೆ ಹೆಚ್ಚು ಬೆಲೆ ಹೇಳುತ್ತಾರೆ. ಪೂರ್ವದ್ದಾದರೆ ಕೊಡಬಹುದು, ಪಶ್ಚಿಮದ್ದಾದರೆ ನೀವೇ ಕಡಿಮೆ ಕೇಳಿ.

ಈಗ ಗೋಕುಲ ರಸ್ತೆಯ ಜೋಡಿ ಮನೆ. ಇಂಗ್ಲೆಂಡಿನ ಸೆಮಿ ಡಿಟ್ಯಾಚ್ಡ್ ಎಂದರೆ ಇದೇ, ನಮ್ಮ ಏಜೆಂಟರು ಟ್ವಿನ್ ಹೌಸ್ ಎನ್ನುತ್ತಾರೆ. ಅವಳಿ ನಗರದಲ್ಲಿ ಅವಳಿ ಮನೆ, ಕೇಳಲು ಚೆಂದ. ನಮ್ಮ ಅವಳಿ ನಗರಗಳ ನಡುವೆ ಇಪ್ಪತ್ತು ಕಿಲೊಮೀಟರ್ ಇರುವುದರಿಂದ ಹೊಂದಿಕೊಂಡು ಹೋಗುತ್ತಿವೆ, ಇಲ್ಲಿ ಒಂದು ಗೋಡೆಯ ಅಂತರ. ವಾಸಕ್ಕೆ ಮೂರರಲ್ಲಿ ಇದೇ ಉತ್ತಮ: ಮೂರು ಕಡೆ ತೆರಪು, ಒಂದೇ ಕಡೆ ನೆರೆ. ಆದರೆ ನನಗೆ ಭಯವಿರುವುದೂ ಇದರ ಬಗ್ಗೆಯೇ. 40×50 ಒಂದೇ ನಿವೇಶನವಾಗಿ ಮಂಜೂರಾದದ್ದು. ಅದನ್ನು 20×50ರ ಎರಡಾಗಿ ಒಡೆಯಲು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 17ನೆಯ ಕಲಮಿನಂತೆ ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಬೇಕು. ಸುಣ್ಣದಿಂದ ಗೆರೆ ಎಳೆದ ಮಾತ್ರಕ್ಕೆ ನಿವೇಶನ ಎರಡಾಗುವುದಿಲ್ಲ. ವಿಭಜನೆಯ ಆದೇಶ ಎಲ್ಲಿ, ನಿಮ್ಮ ಅರ್ಧಕ್ಕೆ ಪ್ರತ್ಯೇಕ ಇ-ಖಾತಾ ಎಲ್ಲಿ, ಮಂಜೂರಾದ ನಕ್ಷೆ ಒಂದು ಮನೆಗೋ ಎರಡಕ್ಕೋ ಎಂದು ಕೇಳಿ. ಹೀಗೆ ಕಟ್ಟಿದ ಬಹಳಷ್ಟು ಮನೆಗಳ ನಕ್ಷೆಯಲ್ಲಿ ಇರುವುದು ಒಂದೇ ಕುಟುಂಬದ ಒಂದೇ ಮನೆ, ಕಟ್ಟಿದ್ದು ಎರಡು. ಮೂರೂ ಕಾಗದ ಕೈಗೆ ಬರುವವರೆಗೆ ಮುಂಗಡ ಎಂದು ಒಂದು ರೂಪಾಯಿಯನ್ನೂ ಕೊಡಬೇಡಿ.

ನವನಗರದ ಸಾಲಿಗೆ ಕಾನೂನಿನ ಆಸರೆ ಹೆಚ್ಚು. 500 ಚದರ ಮೀಟರಿಗಿಂತ ದೊಡ್ಡ ಜಾಗ ಮತ್ತು ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿಯಾಗಲೇಬೇಕು, ನಿಮ್ಮದು ಹದಿನಾಲ್ಕು ಮನೆಯದು. 2016ರ ಆ ಕಾಯ್ದೆಯ 14ನೆಯ ಕಲಮಿನ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲೋ ಕೆಲಸದಲ್ಲೋ ದೋಷ ಕಂಡರೆ, ತಿಳಿಸಿದ ಮೂವತ್ತು ದಿನಗಳಲ್ಲಿ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಎರೆ ಮಣ್ಣಿನ ಬಿರುಕುಗಳು ಮೊದಲ ಎರಡು ಮೂರು ಮಳೆಗಾಲಗಳಲ್ಲೇ ಮುಖ ತೋರಿಸುತ್ತವೆ, ಆದ್ದರಿಂದ ಈ ಐದು ವರ್ಷ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ನೆರೆಯವರ ನಡುವಿನ ಗೋಡೆಗೆಂದೇ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ನಿಮ್ಮ ಮಗಳಿಗೆ ಅದಿದೆ. ಲಂಡನ್ 1666ರಲ್ಲಿ ಸುಟ್ಟುಹೋದ ಮೇಲೆ, ಮರುವರ್ಷವೇ ಇಟ್ಟಿಗೆ ಕಲ್ಲಿನ ಗೋಡೆಗಳನ್ನು ಕಡ್ಡಾಯ ಮಾಡಿದ ದೇಶ ಅದು. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ 1996ರ ಪಾರ್ಟಿ ವಾಲ್ ಕಾಯ್ದೆ ಬಂದಿದೆ. ಸಾಮಾಯಿಕ ಗೋಡೆಯನ್ನು ಕೊರೆದು ತೊಲೆ ಕೂಡಿಸುವಂಥ ಕೆಲಸಕ್ಕೆ ಎರಡು ತಿಂಗಳು ಮುಂಚೆ ನೆರೆಯವರಿಗೆ ಲಿಖಿತ ನೋಟಿಸು ಕೊಡಬೇಕು. ನಮ್ಮಲ್ಲಿ ಖರೀದಿ ಪತ್ರದ ಮಾತುಗಳೇ ಆಧಾರ. ಹಾಗಾಗಿ ಪತ್ರದಲ್ಲೇ ಬರೆಸಿ: ಗೋಡೆಯ ನಡುಗೆರೆಯೇ ಗಡಿ, ಎರಡು ಇಂಚಿಗಿಂತ ಆಳ ಯಾರೂ ಕೊರೆಯಕೂಡದು, ದುರಸ್ತಿಯ ಖರ್ಚು ಸಮಪಾಲು, ಮೇಲೆ ಕಟ್ಟುವ ಮುನ್ನ ಇಂಜಿನಿಯರರ ಲಿಖಿತ ಅಭಿಪ್ರಾಯ. ಕರಡು ಮಾಡುವವರು ‘ಇದು ರೂಢಿಯಲ್ಲಿಲ್ಲ’ ಎನ್ನುತ್ತಾರೆ. ರೂಢಿ ಮಾಡಿಸಿ.

ಓಣಿಯ ಮನೆಯ ಬಗ್ಗೆ ಬರೆಯುವಾಗ ನನಗೆ ನಿಷ್ಪಕ್ಷಪಾತಿಯಾಗಿರುವುದು ಕಷ್ಟ, ನಾನು ಹುಟ್ಟಿದ್ದೇ ಹೊಸಯಲ್ಲಾಪುರದ ಅಂಥದೊಂದು ಮನೆಯಲ್ಲಿ. ಎರಡು ಅಡಿ ದಪ್ಪದ ಮಣ್ಣಿನ ಗೋಡೆ, ಅದರ ಎರಡೂ ಬದಿಗೆ ದೀಪದ ಗೂಡುಗಳು, ಮೇಲೆ ತೊಲೆ, ಜಂತಿ, ಕರಲು ಮಣ್ಣಿನ ಮಾಳಿಗೆ. ಎರಡೂ ಮನೆಯ ತೊಲೆಗಳ ತುದಿ ಒಂದೇ ಗೋಡೆಯ ಮೇಲೆ ಎದುರುಬದುರು ಕುಳಿತಿರುತ್ತವೆ. ನಮ್ಮ ನೆರೆಯವರು ಒಂದು ಏಪ್ರಿಲ್‌ನಲ್ಲಿ ತಮ್ಮ ಪಾಲನ್ನು ಕೆಡವಿದರು, ಮಳೆಗಾಲದೊಳಗೆ ಸ್ಲ್ಯಾಬ್ ಮುಗಿಸುವುದಾಗಿ ಹೇಳಿದರು. ನೂರು ವರ್ಷ ಮನೆಯೊಳಗಿದ್ದ ಗೋಡೆಯ ಮುಖ ಅಂದು ಮೊದಲ ಬಾರಿಗೆ ಬಯಲಿಗೆ ಬಿತ್ತು. ಮೇ ತಿಂಗಳ ಒಂದೇ ಅಡ್ಡಮಳೆ ಸಾಕಾಯಿತು. ಮಧ್ಯಾಹ್ನ ಎಲ್ಲರೂ ಕಟ್ಟೆಯ ಮೇಲೆ ಇದ್ದುದರಿಂದ ಜೀವ ಉಳಿಯಿತು. ಅಜ್ಜಿಯ ಹಿತ್ತಾಳೆ ಕೊಡಗಳನ್ನು ಎರಡು ದಿನ ಮಣ್ಣಿನಿಂದ ತೆಗೆದೆವು.

ಆದ್ದರಿಂದ ಭಾವನವರು ತಮ್ಮ ಅರ್ಧವನ್ನು ಹೊಸದಾಗಿ ಕಟ್ಟುವ ಮಾತಾಡುತ್ತಿದ್ದರೆ, ನಿಮ್ಮ ಕಡೆಯ ತೊಲೆಗಳಿಗೆ ಕೆಳಗಿನಿಂದ ಬೇರೆ ಕಂಬ ಕೊಟ್ಟ ಮೇಲೆಯೇ ಅವರ ಕಡೆ ಗುದ್ದಲಿ ಬೀಳಬೇಕು. ಬಯಲಿಗೆ ಬೀಳುವ ಗೋಡೆಗೆ ತಾಡಪತ್ರಿ ಹೊದಿಸಬೇಕು, ಕೆಲಸ ದೀಪಾವಳಿಯ ಮೇಲೆ ಹಿಡಿಯಬೇಕು. ಆ ಮನೆಯಲ್ಲಿ ಸಂದಿಯ ಕಡೆಗೋ ಖುಲ್ಲಾ ಜಾಗದ ಕಡೆಗೋ ಕಿಟಕಿ ಇದ್ದರೆ ಫೋಟೊ ತೆಗೆದು ದಿನಾಂಕ ಬರೆದು ಇಡಿ. 1882ರ ಈಸ್‌ಮೆಂಟ್ (ಬೇರೆಯವರ ಜಾಗದ ಮೇಲಿನ ಅನುಭವದ ಹಕ್ಕು) ಕಾಯ್ದೆ 1891ರಿಂದ ನಮ್ಮ ಹಳೆಯ ಮುಂಬಯಿ ಪ್ರಾಂತಕ್ಕೆ ಅನ್ವಯವಾಗಿದೆ. ಇಪ್ಪತ್ತು ವರ್ಷ ಯಾರ ತಕರಾರೂ ಇಲ್ಲದೆ, ಹಕ್ಕಿನಿಂದ ಅನುಭವಿಸಿದ ಗಾಳಿ ಬೆಳಕನ್ನು ನೆರೆಯವರು ಗೋಡೆ ಎಬ್ಬಿಸಿ ಮುಚ್ಚುವಂತಿಲ್ಲ ಎಂದು ವಾದಿಸಲು ಅದರಲ್ಲಿ ಅವಕಾಶವಿದೆ.

ನಿಮ್ಮಿಬ್ಬರಿಗೆ ನನ್ನ ಅಭಿಪ್ರಾಯ ಹೀಗೆ. ಓಣಿಯ ಮನೆಗೆ ಈ ವಯಸ್ಸಿನಲ್ಲಿ ವಾಸಕ್ಕೆ ಹೋಗಬೇಡಿ, ಅದನ್ನು ಸರಿಮಾಡಿಸಲು ಆಗುವ ಖರ್ಚು ಮತ್ತು ಓಡಾಟ ನಿಮಗೆ ಆಗದು. ಆದರೆ ಅಗ್ಗಕ್ಕೆ ಮಾರಲೂ ಬೇಡಿ. ಭಾವನವರೊಂದಿಗೆ ಮಾತು ಚೆನ್ನಾಗಿರುವಾಗಲೇ ವಾಟ್ನಿ ಪತ್ರ (ಪಾಲು ವಿಭಾಗದ ಪತ್ರ) ನೋಂದಾಯಿಸಿ, ಸಿಟಿ ಸರ್ವೆಯಿಂದ ಅಳತೆ ಮಾಡಿಸಿ, ಉತಾರದಲ್ಲಿ (ಆಸ್ತಿಯ ದಾಖಲೆಯಲ್ಲಿ) ಎರಡು ಹೆಸರು ಬೇರೆ ಬೇರೆ ಬರುವಂತೆ ಮಾಡಿಕೊಳ್ಳಿ. ಮಕ್ಕಳ ಕಾಲಕ್ಕೆ ಬಿಟ್ಟರೆ ಲೀಡ್ಸ್‌ನಿಂದ ಹುಬ್ಬಳ್ಳಿ ಕೋರ್ಟಿಗೆ ಬರಬೇಕಾದೀತು. ಜೋಡಿ ಮನೆಯ ಮಾಲೀಕರು ವಿಭಜನೆಯ ಆದೇಶ ತೋರಿಸಿದರೆ ಅದನ್ನೇ ಕೊಳ್ಳಿ. ನನ್ನ ಅನುಭವದಲ್ಲಿ ತೋರಿಸುವವರು ಕಡಿಮೆ. ಅದು ಆಗದಿದ್ದರೆ ನವನಗರದ ಸಾಲು, ಆದರೆ ಆರನೆಯ ಮನೆ ಬೇಡ. ಪೂರ್ವ ತುದಿಯದು ಮಾರಾಟವಾಗಿಲ್ಲದಿದ್ದರೆ ಅದು. ಮಾರಾಟವಾಗಿದ್ದರೆ ಏಳು ಅಥವಾ ಎಂಟು, ಏಕೆಂದರೆ ಜಾಯಿಂಟ್ ಸರಿಯಾಗಿ ಕೊಟ್ಟಿದ್ದರೆ ಆ ಎರಡು ಮನೆಗಳಿಗೆ ಒಂದು ಕಡೆಯಾದರೂ ಸ್ವಂತ ಗೋಡೆ ಇರುತ್ತದೆ.

ಇನ್ನೊಂದು. ಇಪ್ಪತ್ತು ಅಡಿ ಅಗಲದ ಮನೆಗಳಲ್ಲಿ ಮುಂದೆ ಕಾರು ನಿಲ್ಲಿಸಲು ಜಾಗ ಬಿಟ್ಟು, ಮಲಗುವ ಕೋಣೆಗಳನ್ನೆಲ್ಲ ಮೇಲಕ್ಕೆ ತಳ್ಳಿರುತ್ತಾರೆ. ನೆಲ ಅಂತಸ್ತಿನಲ್ಲಿ ಬಚ್ಚಲಿರುವ ಒಂದು ಮಲಗುವ ಕೋಣೆ ಇಲ್ಲದಿದ್ದರೆ ಗೋಡೆ ಎರಡಿದ್ದರೂ ಆ ಮನೆ ನಿಮ್ಮದಲ್ಲ. ಮಂಡಿನೋವು ಶುರುವಾದ ಮೇಲೆ ಒಳಮೆಟ್ಟಿಲು ಹತ್ತಿಸುವ ಡ್ಯೂಪ್ಲೆಕ್ಸ್ ಯಾರಿಗೆ ಬೇಕು?

ಬಿಲ್ಡರಿಂದ ಮಂಜೂರಾದ ನಕ್ಷೆಯ ಜೊತೆಗೆ ಕಂಬ ಮತ್ತು ಪಾಯದ ಹಾಳೆಯನ್ನೂ ಕೇಳಿ ತನ್ನಿ. ಏಜೆಂಟರ ಪುಸ್ತಿಕೆಯನ್ನು ಅಲ್ಲೇ ಬಿಟ್ಟು ಬರಬಹುದು.